ವನಜಕ್ಕನ ಮಸೆಗಲ್ಲು

೬ ಡಿಸೆಂಬರ್ ೨೦೧೨, ಗುರುವಾರ. ಕೋಡಿ.

ನಮ್ಮ ಭಟ್ಟಿಯಲ್ಲಿ ಸುಟ್ಟ ಏಳನೇ ಪಿಂಗಾಣಿ ಚೂರಿಯ ಬಾಯಿ ಇವತ್ತು ಮುಕ್ಕಾಗಲಿಲ್ಲ!

ಹಿಂದಿನ ಆರೂ ಹಾಳಾದದ್ದು ಮೀನಿನಿಂದಲ್ಲ. ಪರೀಕ್ಷೆಗೆಂದು ಕೊಟ್ಟ ಚೂರಿಯಲ್ಲಿ ನಾಲ್ಕು ಮೀನು ಕೊಯ್ದರೆ ಸಾಕು, ಮೀನು ಮಾರುವ ವನಜಕ್ಕನ ಕೈ ತಾನಾಗಿ ಚೂರಿಯನ್ನು ಮಸೆಗಲ್ಲಿಗೆ ಉಜ್ಜುತ್ತದೆ. ಇದಕ್ಕೆ ಮಸೆಯುವುದು ಬೇಡ, ಮಸೆದರೆ ಸಿಡಿಯುತ್ತದೆ ಎಂದು ಎಷ್ಟು ಸಲ ಹೇಳಿದೆ! ನಲವತ್ತು ವರ್ಷ ಮೀನು ಕೊಯ್ದ ಕೈ ನನ್ನ ಮಾತು ಕೇಳುತ್ತದೆಯೇ?

ಅದಕ್ಕೇ ಇವತ್ತು ಆ ಕಲ್ಲಿನ ಮೇಲೇ ಕೂತುಬಿಟ್ಟೆ.

"ಹ್ವಾಯ್, ಏಳ್ ಮಾರಾಯ, ಕಲ್ ಬೇಕ್."

ಏಳಲಿಲ್ಲ. ವನಜಕ್ಕ ಬೈಯುತ್ತಲೇ ಒಂದು ಬುಟ್ಟಿ ಬಂಗುಡೆ ಕೊಯ್ದು ಮುಗಿಸಿದರು. ಪರೀಕ್ಷೆ ಮುಗಿಯಿತಲ್ಲ, ಚೂರಿ ವಾಪಸ್ ಕೇಳಿದೆ.

"ಎಂತಕ್ಕೆ? ಇದ್ ಇಲ್ಲೇ ಇರ್ಲಿ. ನೀ ಬೇಕಾರೆ ಆ ಕಲ್ ತಕಂಡ್ ಹೋಗ್."

ಕಲ್ಲು ಈಗ ನನ್ನ ಮೇಜಿನ ಮೇಲಿದೆ. ಕೋಣೆಯೆಲ್ಲ ಮೀನಿನ ವಾಸನೆ. ಇರಲಿ.