ಮರಿಗೊಂದು ನ್ಯಾಯ, ಕೂಸಿಗೊಂದು ನ್ಯಾಯ

ಅವ್ವ,

ಕೊನೆಗೆ ಆ ಸಕ್ಕರೆ ನೀರಿನ ಬಟ್ಟಲನ್ನು ನಾನೇ ಅಂಗಳಕ್ಕೆ ಚೆಲ್ಲಿದೆ. ಸಾಕಾಯಿತು ನನಗೆ. ನೀನು ಸತ್ತು ಆರು ವರ್ಷವಾದರೂ ಮನೆಯಲ್ಲಿ ಇನ್ನೂ ನಿನ್ನದೇ ದರಬಾರು. ನಿನ್ನೆ ನಮ್ಮ ಮಗಳು ಶಿವಲೀಲಾಗೆ ಹೆಣ್ಣು ಕೂಸು ಹುಟ್ಟಿತು. ಇವತ್ತು ಆಸ್ಪತ್ರೆಯಿಂದ ಮನೆಗೆ ಬಂದ ಕೂಡಲೇ ನಿನ್ನ ಸೊಸೆ ಸೌಭಾಗ್ಯ ಮಗಳಿಗೆ, "ಆ ಹಳದಿ ಹಾಲು ಹಿಂಡಿ ಚೆಲ್ಲು, ಕೂಸಿಗೆ ಆಗಿಬರಂಗಿಲ್ಲ. ಮೂರು ದಿನ ಸಕ್ಕರಿ ನೀರು ಕುಡಸೋಣು" ಅಂದು ಬಟ್ಟಲು ತಂದಳು.

"ಅಲ್ಲಲೇ ಸೌಭಾಗ್ಯ, ಕುರಿಹಟ್ಟಿಯಾಗ ಮರಿ ಹುಟ್ಟಿದ್ರ ಏನ್ ಮಾಡ್ತಿ?" ಅಂದೆ.

"ಮೊದಲ ಹಾಲು ಕುಡಸ್ತೀನಿ. ಇಲ್ಲಂದ್ರ ಮರಿ ಎದ್ದು ನಿಲ್ಲಂಗಿಲ್ಲ."

"ಹಂಗಾರ ನನ್ನ ಮೊಮ್ಮಗಳು ಕುರಿಯಾಗಿ ಹುಟ್ಟಬೇಕಿತ್ತು ಬಿಡು."

ಮಗಳು ನಕ್ಕಳು. ಇವಳು ನಗಲಿಲ್ಲ. "ಅತ್ತಿ ನನ್ನ ಕೈಲೆ ಹಂಗ ಮಾಡ್ಸಿದ್ರು" ಅಂದಳು.

ಹೌದು ಅವ್ವ, ಮೂರು ದಿನ ನೀನೇ ಮಾಡಿಸಿದೆ. ನಮ್ಮ ಮೊದಲ ಗಂಡುಕೂಸು ಅಳುವುದು ಹಟ್ಟಿಯವರೆಗೂ ಕೇಳುತ್ತಿತ್ತು. ನಾನು ಅಲ್ಲಿ ಕುರಿಮರಿಯ ಬಾಯಿಗೆ ಮೊಲೆ ಹಿಡಿಸುತ್ತಾ ಕೂತಿದ್ದೆ. ಊರನ್ನೆಲ್ಲ ನಗಿಸುವ ಬಾಯಿ ನನ್ನದು, ನಿನ್ನ ಮುಂದೆ ಮಾತ್ರ ತೆರೆಯಲಿಲ್ಲ. ಹೆಸರಿಡುವ ದಿನದವರೆಗೂ ಅವನು ಉಳಿಯಲಿಲ್ಲ.

ನಾನು ಬಟ್ಟಲು ಚೆಲ್ಲಿದ ಮೇಲೆ ಸೌಭಾಗ್ಯ ನನ್ನ ಮುಖ ನೋಡಿದಳು. ಆಮೇಲೆ ಕೂಸನ್ನು ಎತ್ತಿ ಮಗಳ ಎದೆಗೆ ಹಿಡಿದಳು.

ನಿನ್ನ ಮೇಲೆ ಇನ್ನೂ ಸಿಟ್ಟಿದೆ ಅವ್ವ, ಅರ್ಧ ನನ್ನ ಮೇಲೂ ಇದೆ. ಅದನ್ನು ಬರೆಯೋಣವೆಂದರೆ ಸೌಭಾಗ್ಯ ಒಳಗಿಂದ ಕರೆಯುತ್ತಿದ್ದಾಳೆ:

"ಕೂಸು ಹೊಟ್ಟಿತುಂಬ ಕುಡಿದು ಮಕ್ಕೊಂಡೈತಿ. ರೊಟ್ಟಿ ಆರಾಕತ್ಯಾವು, ನೀವೂ ಉಣ್ಣಾಕ ಬರ್ರಿ."