ಎತ್ತಿನ ಹಗ್ಗ, ಮಣಿಯ ಪಟ್ಟಿ

ಅಪ್ಪಾ,

ಎತ್ತುಗಳನ್ನು ಸೂಳಗಿರಿಯ ಮುನಿಯಪ್ಪ ಮಾಮನಿಗೆ ಮಾರಿದ ದಿನ ನಿನಗೆ ನೆನಪಿದೆಯಾ? ಮಾಮ ಟೆಂಪೋ ತಂದಿದ್ದ. ನೀನು ಎರಡರ ಬೆನ್ನನ್ನೂ ಸವರಿ, ಕೊರಳ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡೆ. "ಹಗ್ಗ ಕೊಡಾಕಿಲ್ಲ ಕಣ್ಲಾ ಮುನಿಯಪ್ಪ, ನೀನು ಬೇರೆ ತಂದ್ಕೊ" ಅಂದೆ. ದನ ಮಾರಿದರೂ ಹಗ್ಗ ಕೊಡಬಾರದು, ಅದರ ಜೊತೆ ಮನೆಯ ಅದೃಷ್ಟವೂ ಹೋಗುತ್ತದೆ ಅನ್ನುವುದು ನಮ್ಮ ತಳಿ ಊರಿನ ಕಡೆಯವರ ನಂಬಿಕೆಯಲ್ಲವೇ. ಆಮೇಲೆ ಅದರಲ್ಲೊಂದು ಹಗ್ಗ ನಮ್ಮ ನಾಯಿ ಮಣಿಯ ಕೊರಳಿಗೆ ಬಂತು. ನೀನು ಅದನ್ನು ಕಟ್ಟಿಹಾಕಿದ್ದೇ ಕಡಿಮೆ, ಬಿಡು.

ನೀನು ಹೋದ ಮೇಲೆ ಅಮ್ಮನನ್ನೂ ಮಣಿಯನ್ನೂ ಹೊಸೂರಿನ ನನ್ನ ಬಾಡಿಗೆ ಮನೆಗೆ ಕರೆತಂದೆ. ನಾನು ಶಿಫ್ಟಿಗೆ ಹೋದಾಗ ಅಮ್ಮ ಅದನ್ನು ಬೀದಿ ಸುತ್ತಿಸುತ್ತಿದ್ದಳು, ಅದೇ ಹಗ್ಗ ಹಿಡಿದು. ಒಂದು ಬೆಳಿಗ್ಗೆ ಮಣಿ ಮೇಕೆಯ ಹಿಂದೆ ಹಾರಿತು. ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ ಅಮ್ಮ ಮೋರಿ ಪಕ್ಕ ಬಿದ್ದಳು, ಅಂಗೈ ಚರ್ಮ ಕಿತ್ತು ಬಂತು. ನಾಯಿ ಹಿಡಿಯೋಕೆ ಬರದಿದ್ದರೆ ಮನೆ ಖಾಲಿ ಮಾಡಿ ಅಂತ ಓನರಮ್ಮ ತಮಿಳಿನಲ್ಲಿ ಹೇಳಿಬಿಟ್ಟರು. ನಾನು ಮುನಿಯಪ್ಪ ಮಾಮನಿಗೆ ಫೋನ್ ಮಾಡಿದೆ. ಟೊಮೇಟೊ ತೋಟಕ್ಕೆ ಅವನಿಗೂ ನಾಯಿ ಬೇಕಿತ್ತಂತೆ. ಟೊಮೇಟೊ ಕೊಯ್ಲು ಮುಗಿಸಿ ಬಂದು ಕರ್ಕೊಂಡು ಹೋಗ್ತೀನಿ ಅಂದ.

ಅಮ್ಮನಿಗೆ ಹೇಳಿದೆ. ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಮಣಿಯ ಕೊರಳಿಂದ ಹಗ್ಗ ಬಿಚ್ಚಿ ಗೋಡೆಯ ಮೊಳೆಗೆ ಹಾಕಿ, "ಹಗ್ಗ ಮಾತ್ರ ಕೊಡಾಕಿಲ್ಲ ಅಂತ ಅವ್ನಿಗೆ ಹೇಳ್ಬುಡ್ಲಾ" ಅಂದಳು. ಅಪ್ಪಾ, ನಿನ್ನ ಕೈಯಲ್ಲಿ ಬೆಳೆದ ಜೀವ ಅಂತ ಉಳಿದಿದ್ದು ಅದೊಂದೇ, ಅದನ್ನೂ ನಾನು...

ಮಾಮ ಬರುವಷ್ಟರಲ್ಲಿ ಹಿಡಿತಕ್ಕೆ ಬಂದರೆ ಕೊಡುವುದೇ ಬೇಡ ಅಂತ ಆ ವಾರವೇ ಮಣಿಯನ್ನು ಭಾನುವಾರದ ತರಬೇತಿ ಕ್ಲಾಸಿಗೆ ಸೇರಿಸಿದೆ. ನಾಯಿಗೂ ಇಸ್ಕೂಲಾ ಅಂತ ನಗುತ್ತಿದ್ದೆ ನೀನು, ಗೊತ್ತು. ಕಲಿಸುವವರು ಸೆಲ್ವಿ ಮೇಡಂ. ನಾನು ಎಳೆದಷ್ಟೂ ಬಿಗಿಯುವ ಉಕ್ಕಿನ ಸರಪಳಿ ಕೊಂಡು ಜಂಬದಿಂದ ಹೋಗಿದ್ದೆ. ಅವರು ಅದನ್ನು ವಾಪಸ್ ಚೀಲಕ್ಕೆ ಹಾಕಿಸಿದರು. "ವಲಿಕ್ಕುಂ ಸಾರ್, ನೋವಾಗುತ್ತೆ. ಕತ್ತು ಹಿಸುಕಿದ್ರೆ ಅದು ಭಯ ಕಲಿಯುತ್ತೆ, ಪಾಠ ಕಲಿಯಲ್ಲ" ಅಂದರು.

ಮುಂದಿನ ವಾರ ಎದೆಗೆ ಕಟ್ಟುವ ಪಟ್ಟಿ ತಂದೆ, ಹಾರ್ನೆಸ್ ಅಂತಾರೆ. ಹಗ್ಗ ಸಿಕ್ಕಿಸುವ ಬಳೆ ಅದರ ಬೆನ್ನ ಮೇಲಿತ್ತು. ಎದೆಗೆ ಭಾರ ಬಿದ್ದದ್ದೇ ತಡ, ಮಣಿ ನಿನ್ನ ಎತ್ತಿನ ಹಾಗೆ ತಲೆ ತಗ್ಗಿಸಿ ನನ್ನನ್ನು ಮೈದಾನದಿಂದ ಬಸ್ ಸ್ಟಾಪಿನವರೆಗೆ ಎಳೆದುಕೊಂಡು ಹೋಯಿತು. ಹಿಂದೆ ನೇಗಿಲು ಹೂಡಿದ್ದರೆ ಒಂದು ಸಾಲಾದರೂ ಆಗುತ್ತಿತ್ತು. ಮೇಡಂ ನಕ್ಕು, ಬಳೆ ಎದೆಯ ಮುಂದೆ ಇರುವುದನ್ನು ಹಾಕಿಸಿದರು. ಅದರಲ್ಲಿ ಎಳೆದರೆ ನಾಯಿಯ ಮೈಯೇ ನಮ್ಮ ಕಡೆ ತಿರುಗುತ್ತದೆ, ಎಳೆದು ಲಾಭವಿಲ್ಲ ಅಂತ ಅದಕ್ಕೇ ಗೊತ್ತಾಗುತ್ತದೆ. ಹಿಡಿಯೋದಕ್ಕೆ ನಾಲ್ಕು ಮೊಳದ ನೂಲಿನ ಪಟ್ಟಿ. ಅದನ್ನು ಕೈಗೆ ಸುತ್ತಿಕೊಳ್ಳಬಾರದು, ಮಡಿಸಿ ಹಿಡಿಯಬೇಕು. ನಮಗೆ ಇದು ಮೊದಲೇ ಗೊತ್ತಿದ್ದಿದ್ದರೆ ಅಮ್ಮ ಬೀಳುತ್ತಿದ್ದಳಾ?

ಕೊಡುವ ನಾಯಿಗೆ ಪಾಠ ಯಾಕೆ ಅಂತ ಅಮ್ಮ ಕ್ಲಾಸಿಗೆ ಬರಲೊಪ್ಪಿರಲಿಲ್ಲ. ಒಂದು ಭಾನುವಾರ ಮಾತ್ರ ತಾನೇ ಒಳ್ಳೆ ಸೀರೆ ಉಟ್ಟು ಹೊರಟಳು. ಎದೆಯ ಪಟ್ಟಿ ಎಷ್ಟು ಬಿಗಿ ಇರಬೇಕು ಅಂತ ಮೇಡಂ ಹೇಳುವ ಮೊದಲೇ ಅದರ ಅಡಿಗೆ ಎರಡು ಬೆರಳು ತೂರಿಸಿ ನೋಡಿದಳು. "ನಿಮ್ಮಪ್ಪ ಎತ್ತಿಗೆ ಹಿಂಗೇ ನೋಡ್ತಿದ್ದಿದ್ದು" ಅಂದಳು. ನೀನು ಹೋದ ಮೇಲೆ ಅವಳಾಗಿಯೇ ನಿನ್ನ ಮಾತು ತೆಗೆದದ್ದು ಅದೇ ಮೊದಲು. ಅವತ್ತಿನಿಂದ ಪಟ್ಟಿ ಅವಳ ಕೈಯಲ್ಲೇ.

ಮೊನ್ನೆ ಮುನಿಯಪ್ಪ ಮಾಮ ಬಂದ. ಬೇಡ ಅಂತ ಅವನಿಗೆ ಹೇಗೆ ಹೇಳಲಿ ಅಂತ ನಾನು ಬಾಗಿಲಲ್ಲಿ ತಡವರಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮ ಹಾಲು ತಗೊಂಡು ಮಣಿಯ ಜೊತೆ ಬೀದಿ ಕೊನೆಯಲ್ಲಿ ಬಂದಳು. ಎದುರಿಗೆ ಮೇಕೆಗಳ ಹಿಂಡು. ಅಮ್ಮ ನಿಂತಳು. ಮಣಿ ಮೇಕೆಗಳನ್ನು ನೋಡಿತು, ಅವಳ ಮುಖ ನೋಡಿತು, ಕೂತುಕೊಂಡಿತು. ಅಮ್ಮನ ಕೈಯ ಪಟ್ಟಿ ಸಡಿಲವಾಗಿಯೇ ಇತ್ತು.

"ಬುಡಕ್ಕಾ, ಇದು ನನ್ನ ಜೊತೆ ಬರಾಕಿಲ್ಲ" ಅಂದ ಮಾಮ.

ಕಾಫಿ ಕುಡಿದು ಅವನು ಏಳುವಾಗ ಅಮ್ಮ ಮೊಳೆಯ ಮೇಲಿನ ಹಗ್ಗ ತೆಗೆದು ಅವನ ಕೈಗಿಟ್ಟಳು. "ಆವತ್ತು ಅವರು ಕೊಡ್ನಿಲ್ಲ. ತಗೊಂಡೋಗು, ಕರು ಕಟ್ಟಾಕಾಯ್ತದೆ."

ಮಾಮ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಅಪ್ಪಾ, ದನ ಹೋದರೂ ಹಗ್ಗ ಉಳಿಯಬೇಕು ಅಂತಿದ್ದೆ ನೀನು. ನಮ್ಮ ಮನೆಯಲ್ಲಿ ಹಗ್ಗ ಹೋಯಿತು, ಮಣಿ ಉಳಿಯಿತು. ಅಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡ.

ನಿನ್ನ ವೆಂಕಟೇಶ