ಸಿಗಡಿ ಇಲ್ಲದ ಐದು ದಿನ

ಸೌದಾ,

ಪ್ಲೆಸೆಂಟನ್‌ನ ನನ್ನ ಅಡುಗೆಮನೆಯಲ್ಲಿ ಕೂತು ನಾವಿಬ್ಬರೂ ಮ್ಯಾಪಿನ ಮೇಲೆ ಗೀಟು ಎಳೆದಿದ್ದ ಜಪಾನಿನ ಆ ದಾರಿಗೆ ಕೊನೆಗೂ ಹೊರಡುತ್ತಿದ್ದೇನೆ, ಐದು ದಿನಕ್ಕೆ, ಒಬ್ಬಳೇ. ಮೊದಲು ಕಾನಾಝಾವಾದ ಕಡಲು, ಅಲ್ಲಿಂದ ಹಿಮ ಹೊದ್ದ ಹುಲ್ಲುಮಾಡಿನ ಹಳ್ಳಿ, ಆಮೇಲೆ ಹೊಳೆಯ ಪಕ್ಕದಲ್ಲೇ ಸಾಗುವ ಪುಟ್ಟ ರೈಲು. ಕಣ್ಣು ಮುಚ್ಚಿದರೆ ಸಾಕು, ಅದರ ಕಿಟಕಿಗೆ ಹಣೆ ಒತ್ತಿ ನೀನು ಕೂತಿರುತ್ತೀಯ.

ಇವತ್ತು ಬೆಳಿಗ್ಗೆ ಅಲ್ಲಿಯ ವಸತಿಗೃಹದವರ ಉತ್ತರ ಬಂತು: "ನಿಮಗೆ ಸಿಗಡಿ ಆಗುವುದಿಲ್ಲವೆಂದು ಬರೆದಿದ್ದೀರಿ. ನಿಮ್ಮ ಸಾರನ್ನು ಬೇರೆ ಪಾತ್ರೆಯಲ್ಲೇ ಕಾಯಿಸುತ್ತೇವೆ."

ಮಗಳು ಆಶ್ರಿತಾ ಇಣುಕಿ ನೋಡಿ ನಕ್ಕಳು. "ಅಮ್ಮಾ, ಅದು ಸೌದಾಮಿನಿ ಆಂಟಿಗಲ್ವಾ? ಯು ಲವ್ ಶ್ರಿಂಪ್!"

ಹೌದು ಸೌದಾ ಮಾರಾಯ್ತಿ. ಮಲ್ಪೆಯಲ್ಲಿ ಹುಟ್ಟಿಯೂ ಸಿಗಡಿ ಮುಟ್ಟಿದರೆ ಮೈಯೆಲ್ಲ ದದ್ದು ಏಳುತ್ತಿದ್ದದ್ದು ನಿನಗೆ. ಇಪ್ಪತ್ತು ವರ್ಷ, ಯಾವ ಹೋಟೆಲಿಗೆ ಹೋದರೂ ನಿನ್ನ ಪರವಾಗಿ ನಾನೇ ಹೇಳುತ್ತಿದ್ದೆ. ರೂಮು ಬುಕ್ ಮಾಡುವಾಗಲೂ ಕೈ ತಾನಾಗಿ ಅದನ್ನೇ ಬರೆದುಬಿಟ್ಟಿದೆ.

ಓಕ್ಲ್ಯಾಂಡಿನ ನಿನ್ನ ಮನೆಗೆ ಇಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಆದರೂ ಅವತ್ತು ನಾನು ಆಡಬಾರದ ಮಾತು ಆಡಿ, ನೀನು ನನ್ನ ಜೊತೆ ಮಾತು ಬಿಟ್ಟ ಮೇಲೆ, ನನಗೆ ಜಪಾನೇ ಹತ್ತಿರ.

"ಸರಿ ಮಾಡಿ ಇನ್ನೊಂದು ಮೇಲ್ ಕಳ್ಸು," ಎಂದಳು ಆಶ್ರಿತಾ.

ಆಯಿತು ಎಂದೆ. ಕಳಿಸಲಿಲ್ಲ. ಐದು ದಿನವೂ ನಾನು ಸಿಗಡಿ ತಿನ್ನುವುದಿಲ್ಲ.